ರಸ್ತೆಯ ಋಣಕ್ಕೆ ಅಳತೆಗೋಲು ಯಾವುದು?

ತೆರಿಗೆಯನ್ನು ಸಂತೋಷದಿಂದ ಕೊಟ್ಟವರು ಯಾವ ಕಾಲದಲ್ಲಿಯೂ ವಿರಳ. ಆದರೆ ಕೊಟ್ಟ ಹಣ ಎಲ್ಲಿಗೆ ಹೋಯಿತೆಂಬುದು ಕಣ್ಣಿಗೆ ಕಾಣುವಂತಿದ್ದರೆ ಮನಸ್ಸಿನ ಕಹಿ ಅಷ್ಟಿಷ್ಟು ಕಡಮೆಯಾಗುತ್ತದೆ. ಕಾಣದಿದ್ದರೆ, ಚಿಕ್ಕ ಮೊತ್ತವೂ ದೊಡ್ಡ ಅಸಮಾಧಾನಕ್ಕೆ ಕಾರಣವಾಗುತ್ತದೆ. ಇತ್ತೀಚಿನ ವರ್ಷಗಳಲ್ಲಿ ಮೋಟಾರು ವಾಹನಗಳ ನೋಂದಣಿಯ ಸಮಯದಲ್ಲಿ ಒಂದರ ಮೇಲೊಂದರಂತೆ ಸೇರುತ್ತಿರುವ ಶುಲ್ಕ, ತೆರಿಗೆ, ಸೆಸ್ಸುಗಳ ವಿಷಯದಲ್ಲಿ ನಮ್ಮ ನಾಡಿನ ಜನರಲ್ಲಿ ಮೂಡಿರುವ ಬೇಸರವನ್ನು ಈ ದೃಷ್ಟಿಯಿಂದ ವಿಚಾರ ಮಾಡುವುದು ಉಚಿತವೆಂದು ನಮಗೆ ತೋರುತ್ತದೆ. ಇದು ಕೇವಲ ರಾಜಕಾರಣದ ಪ್ರಶ್ನೆಯಲ್ಲ. ರಸ್ತೆ ಹೇಗೆ ಸವೆಯುತ್ತದೆ, ಅದನ್ನು ಸವೆಸುವವರು ಯಾರು, ಆ ಸವೆತವನ್ನು ಅಳೆಯುವ ಬಗೆ ಯಾವುದು ಎಂಬ ವಿಜ್ಞಾನದ ಪ್ರಶ್ನೆಗಳೂ ಇದರಲ್ಲಿ ಅಡಗಿವೆ.

ಉದಾಹರಣೆಗೆ, ಹಾವೇರಿ ತಾಲೂಕಿನ ಗಳಗನಾಥವನ್ನು ತೆಗೆದುಕೊಳ್ಳೋಣ. ವರದಾ ನದಿಯು ತುಂಗಭದ್ರೆಯನ್ನು ಕೂಡಿಕೊಳ್ಳುವ ಸಂಗಮದಲ್ಲಿರುವ ಈ ಗ್ರಾಮವು ಚಾಲುಕ್ಯರ ಕಾಲದ ಗಳಗೇಶ್ವರ ದೇವಾಲಯದಿಂದ ಪ್ರಸಿದ್ಧವಾಗಿದೆ. ಇಂಥ ಊರಿನ ರೈತನಿಗೆ ಮೋಟಾರು ಸೈಕಲ್ಲು ವಿಲಾಸದ ವಸ್ತುವಲ್ಲ. ಹೊಲಕ್ಕೆ ಬುತ್ತಿ ಒಯ್ಯುವುದಕ್ಕೆ, ಡೇರಿಗೆ ಹಾಲು ಮುಟ್ಟಿಸುವುದಕ್ಕೆ, ಮಕ್ಕಳನ್ನು ಶಾಲೆಗೆ ಬಿಡುವುದಕ್ಕೆ, ಹಾವೇರಿಯ ಆಸ್ಪತ್ರೆಗೋ ಬ್ಯಾಡಗಿಯ ಮೆಣಸಿನಕಾಯಿ ಪೇಟೆಗೋ ಹೋಗಿ ಬರುವುದಕ್ಕೆ ಅದೇ ಆಧಾರ. ಆತನು 90,000 ರೂಪಾಯಿ ಬೆಲೆಯ ಒಂದು ಪೆಟ್ರೋಲು ಬೈಕನ್ನು ಕೊಳ್ಳುತ್ತಾನೆಂದು ಭಾವಿಸೋಣ. 2025ರ ಆರಂಭದಲ್ಲಿದ್ದ ದರಗಳಂತೆ ಲೆಕ್ಕ ಹಾಕಿದರೆ, ಬೆಲೆಯ ಮೇಲೆ ಶೇಕಡ 12ರಂತೆ ಆಜೀವ ತೆರಿಗೆ 10,800 ರೂ.; ಆ ತೆರಿಗೆಯ ಮೇಲೆ ಶೇಕಡ 11ರ ಸೆಸ್ಸು 1,188 ರೂ.; ಸಾರಿಗೆ ಕಾರ್ಮಿಕರ ಕ್ಷೇಮನಿಧಿಗಾಗಿ ಹೆಚ್ಚುವರಿ ಸೆಸ್ಸು 500 ರೂ.; ನೋಂದಣಿ ಶುಲ್ಕ 300 ರೂ. ಒಟ್ಟು 12,788 ರೂಪಾಯಿ. ಸಂಖ್ಯಾಫಲಕ, ಕಾರ್ಡು, ವಿಮೆಗಳ ವೆಚ್ಚ ಬೇರೆ. ಸಾಲ ಮಾಡಿ ಗಾಡಿ ಕೊಳ್ಳುವವನಿಗೆ ಈ ಮೊತ್ತದ ಮೇಲೆಯೂ ಬಡ್ಡಿ ಬೆಳೆಯುತ್ತದೆ.

ಹಾವೇರಿಯ 'ಕೆಎ-27' ಅಥವಾ ರಾಣೆಬೆನ್ನೂರಿನ 'ಕೆಎ-68' ಎಂಬ ಅಕ್ಷರಗಳನ್ನು ಗಾಡಿಯ ಮೇಲೆ ಬರೆಯಿಸಿಕೊಳ್ಳುವ ಮೊದಲೇ ಇಷ್ಟು ಹಣವನ್ನು ಎಣಿಸಬೇಕಾದವನು, "ಇದೆಲ್ಲ ಏತಕ್ಕೆ?" ಎಂದು ಕೇಳಿದರೆ ಅದು ಮೊಂಡುತನವಲ್ಲ. ನ್ಯಾಯವಾದ ಪ್ರಶ್ನೆ.

ಮೂರು ಹೆಸರುಗಳು, ಮೂರು ತತ್ತ್ವಗಳು

ಮೇಲಿನ ಪಟ್ಟಿಯಲ್ಲಿ ಮೂರು ಬಗೆಯ ಹಣವಿದೆ. ಜನರು ಇವೆಲ್ಲವನ್ನೂ 'ಟ್ಯಾಕ್ಸು' ಎಂದೇ ಕರೆದರೂ ಇವುಗಳ ಹಿಂದಿನ ತತ್ತ್ವಗಳು ಬೇರೆ ಬೇರೆ.

ಶುಲ್ಕವೆಂದರೆ ಒಂದು ಗೊತ್ತಾದ ಸೇವೆಗೆ ಕೊಡುವ ಪ್ರತಿಫಲ. ಗಾಡಿಯ ವಿವರಗಳನ್ನು ದಾಖಲು ಮಾಡಿ, ಸಂಖ್ಯೆ ಕೊಟ್ಟು, ಪ್ರಮಾಣಪತ್ರ ನೀಡುವುದಕ್ಕೆ ಕೇಂದ್ರದ ನಿಯಮಗಳು ಗೊತ್ತುಮಾಡಿದ ಹಣ ಇದು. ತೆರಿಗೆ ಹಾಗಲ್ಲ. ಅದು ಸರಕಾರದ ಸಾಮಾನ್ಯ ಬೊಕ್ಕಸಕ್ಕೆ ಸೇರುತ್ತದೆ. ಕೊಟ್ಟವನಿಗೆ ಇಂಥದೇ ಸೇವೆ ದೊರೆಯಬೇಕೆಂಬ ಕಟ್ಟುಪಾಡಿಲ್ಲ. ಈ ಭೇದವನ್ನು ಸ್ಪಷ್ಟಪಡಿಸಿದ ಪ್ರಸಿದ್ಧ ತೀರ್ಪು ನಮ್ಮ ಉಡುಪಿಯ ಶಿರೂರು ಮಠದ ಮೊಕದ್ದಮೆಯಲ್ಲಿಯೇ 1954ರಲ್ಲಿ ಸರ್ವೋಚ್ಚ ನ್ಯಾಯಾಲಯದಿಂದ ಬಂದಿತೆಂಬುದನ್ನು ವಾಚಕರು ನೆನೆಯಬಹುದು. ಮಠಗಳು ವರ್ಷವರ್ಷವೂ ಸಲ್ಲಿಸಬೇಕಾಗಿದ್ದ ವಂತಿಗೆಯನ್ನು ಸರಕಾರವು ಶುಲ್ಕವೆಂದು ಕರೆದಿದ್ದಿತು. ಆ ಹಣಕ್ಕೂ ಸಲ್ಲಿಸಿದ ಸೇವೆಗೂ ಸಂಬಂಧವನ್ನು ತೋರಿಸಲಾಗದ ಕಾರಣ ಅದು ತೆರಿಗೆಯೇ ಹೊರತು ಶುಲ್ಕವಲ್ಲವೆಂದು ನ್ಯಾಯಾಲಯ ನಿರ್ಣಯಿಸಿತು.

ಸೆಸ್ಸು ಇವೆರಡರ ನಡುವಣದು. ಅದು ತೆರಿಗೆಯೇ, ಆದರೆ ಒಂದು ಉದ್ದೇಶವನ್ನು ಹೇಳಿ ಎತ್ತಿದ ತೆರಿಗೆ. ಮೂಲಸೌಕರ್ಯದ ಹೆಸರಿನಲ್ಲಿ ಮೋಟಾರು ತೆರಿಗೆಯ ಮೇಲೆ ಕೂಡಿಸುವ ಸೆಸ್ಸು ಇಂಥದು. ಈ ಬಗೆಯ ಸೆಸ್ಸಿನ ಹಣದಿಂದ ಗ್ರಾಮೀಣ ರಸ್ತೆಗಳಿಗೂ ಬೆಂಗಳೂರಿನ ಮೆಟ್ರೋ ರೈಲಿಗೂ ಪಾಲು ಸಂದಿದೆ. 2024ರ ಡಿಸೆಂಬರಿನಲ್ಲಿ ಬೆಳಗಾವಿಯ ಅಧಿವೇಶನದಲ್ಲಿ ಅಂಗೀಕಾರವಾದ ತಿದ್ದುಪಡಿಯಂತೆ ದ್ವಿಚಕ್ರವಾಹನಕ್ಕೆ 500 ರೂಪಾಯಿ, ಕಾರಿಗೆ 1,000 ರೂಪಾಯಿಗಳ ಹೆಚ್ಚುವರಿ ಸೆಸ್ಸು ಬಂದಿತು. ಚಾಲಕರು, ನಿರ್ವಾಹಕರು, ಕ್ಲೀನರುಗಳು, ಗ್ಯಾರೇಜಿನ ಕೆಲಸಗಾರರು ಮೊದಲಾದವರ ಸಾಮಾಜಿಕ ಭದ್ರತೆಗೆ ಈ ಹಣ ಸಲ್ಲಬೇಕು. ಉದ್ದೇಶ ಒಳ್ಳೆಯದೇ. ರಸ್ತೆಯ ಬದಿಯಲ್ಲಿ ಪಂಕ್ಚರು ಹಾಕುವ ಹುಡುಗನಿಗೆ ಅಪಘಾತವಾದರೆ ಅವನ ಮನೆಯವರಿಗೆ ಒಂದು ಆಸರೆ ಬೇಡವೆಂದು ಯಾರೂ ಹೇಳಲಾರರು. ಆದರೆ ಅದರ ಭಾರವು ಹೊಸದಾಗಿ ಗಾಡಿ ಕೊಳ್ಳುವವನ ಮೇಲೆ, ಅದೂ ನೋಂದಣಿಯ ಮುಹೂರ್ತದಲ್ಲಿಯೇ, ಏಕೆ ಬೀಳಬೇಕೆಂಬುದನ್ನು ಆತನಿಗೆ ಯಾರೂ ತಿಳಿಸಿ ಹೇಳುವುದಿಲ್ಲ.

ಹೇರಿನ ಲೆಕ್ಕದಿಂದ ಬೆಲೆಯ ಲೆಕ್ಕಕ್ಕೆ

ದಾರಿಯಲ್ಲಿ ಸಾಗುವ ಸರಕಿನ ಮೇಲೆ ಸುಂಕ ಎತ್ತುವುದು ಗಳಗನಾಥದ ಸೀಮೆಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳಲ್ಲಿ ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ಸುಂಕಗಳ ಹೆಸರುಗಳು ಮೇಲಿಂದ ಮೇಲೆ ಬರುತ್ತವೆ; ಸುಂಕದ ಪೆರ್ಗಡೆಯೆಂಬ ಅಧಿಕಾರಿಗಳ ಉಲ್ಲೇಖವೂ ಇದೆ. ವರ್ತಕರ ಸಂಘಗಳು ಕೂಡಿ, ಹೇರಿಗೆ ಇಷ್ಟು, ಬಂಡಿಗೆ ಇಷ್ಟು, ತಲೆಹೊರೆಗೆ ಇಷ್ಟು ಎಂದು ತಾವೇ ಗೊತ್ತುಮಾಡಿಕೊಂಡು ದೇವಾಲಯಕ್ಕೋ ಕೆರೆಗೋ ಬಿಟ್ಟುಕೊಟ್ಟ ಸಂದರ್ಭಗಳೂ ಕಾಣುತ್ತವೆ. ಇಲ್ಲಿ ಎರಡು ಅಂಶಗಳು ಗಮನಾರ್ಹ. ಅಳತೆಗೋಲು ಹೇರಿನ ಭಾರ, ಅಂದರೆ ಕಣ್ಣಿಗೆ ಕಾಣುವ ವಸ್ತು. ದರವೂ ಉದ್ದೇಶವೂ ಕಲ್ಲಿನ ಮೇಲೆ ಊರ ನಡುವೆಯೇ ಕೊರೆದು ನಿಂತಿದ್ದವು. ಆ ಕಾಲದಲ್ಲಿ ಅನ್ಯಾಯವೇ ಇರಲಿಲ್ಲವೆಂದು ನಾವು ಹೇಳುತ್ತಿಲ್ಲ. ಲೆಕ್ಕದ ರೀತಿಯನ್ನು ಮಾತ್ರ ತೋರಿಸುತ್ತಿದ್ದೇವೆ.

ಮೋಟಾರು ಬಂದ ಮೇಲೆ ಅಳತೆಗೋಲು ಬದಲಾಯಿತು. 1927ರಲ್ಲಿ ನೇಮಕವಾದ ಜಯಕರ್ ಸಮಿತಿಯು ದೇಶದ ರಸ್ತೆಗಳ ಸ್ಥಿತಿಯನ್ನು ವಿಚಾರಿಸಿ, ಪೆಟ್ರೋಲಿನ ಮೇಲೆ ಹೆಚ್ಚಿನ ಸುಂಕ ಹಾಕಿ ಆ ಹಣವನ್ನು ರಸ್ತೆಗಳಿಗೇ ಮೀಸಲಿಡಬೇಕೆಂದು ಸಲಹೆ ಮಾಡಿತು. 1929ರಲ್ಲಿ ಗ್ಯಾಲನ್ನಿಗೆ 2 ಆಣೆಯ ಸುಂಕವೂ ಕೇಂದ್ರ ರಸ್ತೆ ನಿಧಿಯೂ ಜಾರಿಗೆ ಬಂದವು. ಹೆಚ್ಚು ಓಡಿದವನು ಹೆಚ್ಚು ಪೆಟ್ರೋಲು ಸುಡುತ್ತಾನೆ, ಹೆಚ್ಚು ಕೊಡುತ್ತಾನೆ ಎಂಬುದು ಇದರ ತರ್ಕ. ಬಳ್ಳಾರಿ, ದಕ್ಷಿಣ ಕನ್ನಡ ಜಿಲ್ಲೆಗಳು ಸೇರಿದ್ದ ಮದರಾಸು ಪ್ರಾಂತದಲ್ಲಿ 1931ರ ಮೋಟಾರು ತೆರಿಗೆಯ ಕಾನೂನು ಬಂದಾಗ ದಾರಿಸುಂಕದ ಕಟ್ಟೆಗಳನ್ನು ತೆಗೆದುಹಾಕಲಾಯಿತು. ಹಾವೇರಿ ಸೀಮೆ ಆಗ ಮುಂಬಯಿ ಪ್ರಾಂತದಲ್ಲಿದ್ದಿತು. ಅಲ್ಲಿ ಇಂಥ ಕಾನೂನು 1935ರಲ್ಲಿ ಬಂದಿತು. ಏಕೀಕರಣವಾದ ಮರುವರ್ಷ, 1957ರಲ್ಲಿ, ಇಡೀ ರಾಜ್ಯಕ್ಕೆ ಅನ್ವಯಿಸುವ ಮೋಟಾರು ವಾಹನ ತೆರಿಗೆ ಕಾನೂನು ರಚಿತವಾಯಿತು. ಇಂದಿಗೂ ತಿದ್ದುಪಡಿಗಳೆಲ್ಲ ಸೇರುತ್ತಿರುವುದು ಇದೇ ಕಾನೂನಿಗೆ.

ಈಗ ನಮ್ಮಲ್ಲಿ ಸ್ವಂತ ಬಳಕೆಯ ಬೈಕು ಕಾರುಗಳಿಗೆ ಮುಖ್ಯ ಅಳತೆಗೋಲು ಗಾಡಿಯ ಬೆಲೆ. ಮೇಲೆ ಹೇಳಿದ ದರಗಳಂತೆ 50,000 ರೂಪಾಯಿಯವರೆಗಿನ ಬೈಕಿಗೆ ಶೇಕಡ 10, ಒಂದು ಲಕ್ಷದವರೆಗೆ 12, ಅದನ್ನು ಮೀರಿದರೆ 18. ಕಾರುಗಳಿಗೆ ಶೇಕಡ 13ರಿಂದ 18ರವರೆಗೆ. ಇದರಲ್ಲಿ ಒಂದು ವಿಚಿತ್ರವಾದ ಮೆಟ್ಟಿಲಿದೆ. ಸರಿಯಾಗಿ ಒಂದು ಲಕ್ಷದ ಬೈಕಿಗೆ ಸೆಸ್ಸೂ ಸೇರಿ 13,320 ರೂಪಾಯಿ ತೆರಿಗೆಯಾದರೆ, ಬೆಲೆ ಒಂದೇ ರೂಪಾಯಿ ಹೆಚ್ಚಿದೊಡನೆ ತೆರಿಗೆ ಸುಮಾರು 19,980 ರೂಪಾಯಿಗೆ ಜಿಗಿಯುತ್ತದೆ. ಆ ಒಂದು ರೂಪಾಯಿಯಿಂದ ರಸ್ತೆಗೆ ಹೆಚ್ಚಿನ ಹಾನಿಯೇನೂ ಆಗಲಾರದು. ಬೆಲೆಯೆಂಬ ಕೋಲು ಕೊಳ್ಳುವವನ ಜೇಬನ್ನು ಅಳೆಯುತ್ತದೆ, ರಸ್ತೆಯ ಸವೆತವನ್ನಲ್ಲ.

ಸವೆತದ ಗಣಿತ

ಹಾಗಾದರೆ ಸವೆತವನ್ನು ಅಳೆಯುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕಲು ಅಮೆರಿಕದ ಇಲಿನಾಯ್ ಸಂಸ್ಥಾನದ ಒಟ್ಟಾವಾ ಎಂಬ ಊರಿನ ಬಳಿ 1958ರಿಂದ 1960ರವರೆಗೆ ಒಂದು ಭಾರಿ ಪ್ರಯೋಗ ನಡೆಯಿತು. ಬೇರೆ ಬೇರೆ ದಪ್ಪದ ಡಾಂಬರು ಮತ್ತು ಕಾಂಕ್ರೀಟು ಹಾಸುಗಳುಳ್ಳ ಆರು ಸುತ್ತುರಸ್ತೆಗಳನ್ನು ಕಟ್ಟಿ, ಗೊತ್ತಾದ ಭಾರ ಹೇರಿದ ಲಾರಿಗಳನ್ನು ಹಗಲಿರುಳು ಓಡಿಸಿದರು. ಓಡಿಸಿದವರು ಸೈನಿಕರು. ಅಚ್ಚುಗಳ ಓಟವು 11 ಲಕ್ಷವನ್ನು ಮೀರಿತು. ಯಾವ ಹಾಸು ಎಷ್ಟು ಓಟಕ್ಕೆ ಹಾಳಾಯಿತೆಂಬುದನ್ನು ಅಳೆದು ನೋಡಿದಾಗ ಒಂದು ಆಶ್ಚರ್ಯಕರ ನಿಯಮ ಹೊರಬಿದ್ದಿತು. ರಸ್ತೆಯ ಹಾನಿಯು ಅಚ್ಚಿನ ಮೇಲಿನ ಭಾರದ ಸುಮಾರು ನಾಲ್ಕನೆಯ ಘಾತದ ಪ್ರಮಾಣದಲ್ಲಿ ಏರುತ್ತದೆ. ಎಂದರೆ ಭಾರ ಎರಡರಷ್ಟಾದರೆ ಹಾನಿ ಎರಡರಷ್ಟಲ್ಲ, ಹದಿನಾರರಷ್ಟು; ಮೂರರಷ್ಟಾದರೆ ಎಂಬತ್ತೊಂದರಷ್ಟು.

ಇದನ್ನು ನಮ್ಮ ಪೇಟೆಯ ಅಳತೆಯಲ್ಲಿ ನೋಡೋಣ. ಬೈಕೂ ಅದರ ಸವಾರನೂ ಸೇರಿ 2 ಕ್ವಿಂಟಲ್ ತೂಗುತ್ತಾರೆಂದರೆ ಒಂದೊಂದು ಗಾಲಿಯ ಮೇಲೆ ಬೀಳುವುದು 1 ಕ್ವಿಂಟಲ್. ಹೇರು ತುಂಬಿದ ಲಾರಿಯ ಹಿಂದಿನ ಒಂದು ಅಚ್ಚಿನ ಮೇಲೆ 10 ಟನ್ನು, ಅಂದರೆ 100 ಕ್ವಿಂಟಲ್ ಬೀಳುತ್ತದೆ. ಭಾರವು ನೂರುಪಟ್ಟು, ನೂರರ ನಾಲ್ಕನೆಯ ಘಾತ 10 ಕೋಟಿ. ಇಷ್ಟು ಹಗುರವಾದ ಗಾಡಿಗಳಿಗೆ ಈ ನಿಯಮ ಅಕ್ಷರಶಃ ಹೊಂದುವುದಿಲ್ಲ. ಆದಕಾರಣ 10 ಕೋಟಿಯೆಂಬ ಅಂಕಿಗೆ ನಾವು ಅಂಟಿಕೊಳ್ಳಬೇಕಾಗಿಲ್ಲ. ಆದರೆ ಬೈಕು ರಸ್ತೆಯ ಹಾಸನ್ನು ಸವೆಸುವುದು ಇಲ್ಲವೆಂಬಷ್ಟು ಕಡಮೆಯೆಂಬ ನಿರ್ಣಯದಲ್ಲಿ ಸಂದೇಹವಿಲ್ಲ.

ಇನ್ನೊಂದು ನಿದರ್ಶನ. 2018ರಲ್ಲಿ ಕೇಂದ್ರ ಸರಕಾರವು ನಾಲ್ಕು ಟೈರುಗಳ ಒಂಟಿ ಅಚ್ಚಿನ ಮೇಲೆ ಹೇರಬಹುದಾದ ಭಾರದ ಮಿತಿಯನ್ನು 10.2 ಟನ್ನಿನಿಂದ 11.5 ಟನ್ನಿಗೆ ಏರಿಸಿತು. ಏರಿದ್ದು ಶೇಕಡ 13ರಷ್ಟು ಮಾತ್ರ. ನಾಲ್ಕನೆಯ ಘಾತದ ಲೆಕ್ಕದಲ್ಲಿ ಪ್ರತಿ ಓಟದ ಹಾನಿ ಶೇಕಡ 60ಕ್ಕೂ ಮೇಲೆ ಏರುತ್ತದೆ. ಒಂದೇ ಸರಕಿಗೆ ಓಟಗಳ ಸಂಖ್ಯೆ ಸ್ವಲ್ಪ ತಗ್ಗುವುದು ನಿಜ. ಆದರೂ ಆ ಉಳಿತಾಯ ಹಾನಿಯ ಏರಿಕೆಯನ್ನು ಸರಿದೂಗಿಸಲಾರದು. ಮಿತಿಯನ್ನೂ ಮೀರಿ ಹೇರಿದ ಲಾರಿಗಳಿಂದಾಗುವ ಹಾನಿಯನ್ನು ವಾಚಕರೇ ಊಹಿಸಬಹುದು.

ಇಷ್ಟರಿಂದ ಲಾರಿಯ ಮಾಲೀಕನೇ ಅಪರಾಧಿಯೆಂದು ತೀರ್ಮಾನಿಸುವುದು ತಪ್ಪಾಗುತ್ತದೆ. ಬ್ಯಾಡಗಿಯ ಮೆಣಸಿನಕಾಯಿಯನ್ನೂ ರಾಣೆಬೆನ್ನೂರಿನ ಬಿತ್ತನೆ ಬೀಜವನ್ನೂ ಹೊರಗಿನ ಊರುಗಳಿಗೆ ಮುಟ್ಟಿಸುವವನು ಅವನೇ. ಅವನ ಮೇಲೆ ಹಾಕಿದ ತೆರಿಗೆ ಸರಕಿನ ಬೆಲೆಯಲ್ಲಿ ಸೇರಿ ಕೊನೆಗೆ ರೈತನಿಗೂ ಗಿರಾಕಿಗೂ ತಟ್ಟುತ್ತದೆ. 2023ರ ಸೆಪ್ಟೆಂಬರ್ 11ರಂದು ಬೆಂಗಳೂರಿನಲ್ಲಿ ಖಾಸಗಿ ಸಾರಿಗೆಯವರು ಬಂದ್ ಆಚರಿಸಿದಾಗ ಆಜೀವ ತೆರಿಗೆಯ ಭಾರವೂ ಅವರ ದೂರುಗಳಲ್ಲಿ ಒಂದಾಗಿದ್ದಿತು.

ಮಳೆ ಮತ್ತು ಎರೆಮಣ್ಣು

ಹಾಗೆಂದು ಬೈಕಿನವನು ಏನನ್ನೂ ಕೊಡಬೇಕಾಗಿಲ್ಲವೇ? ಅದೂ ಸರಿಯಲ್ಲ. ಒಟ್ಟಾವಾದ ಆರು ಸುತ್ತುರಸ್ತೆಗಳಲ್ಲಿ ಒಂದರ ಮೇಲೆ ಲಾರಿಗಳ ಓಡಾಟವನ್ನೇ ನಡೆಯಿಸಲಿಲ್ಲ. ಗಾಲಿ ತಗಲದಿದ್ದರೂ ಬಿಸಿಲು, ಮಳೆ, ಹಿಮಗಳಿಂದ ರಸ್ತೆಗೆ ಏನಾಗುತ್ತದೆಂಬುದನ್ನು ನೋಡುವುದು ಅದರ ಉದ್ದೇಶ. ನಮ್ಮ ಸೀಮೆಯಲ್ಲಿ ಹಿಮವಿಲ್ಲ, ಆದರೆ ಎರೆಮಣ್ಣಿದೆ. ಈ ಮಣ್ಣಿನಲ್ಲಿರುವ ಒಂದು ಬಗೆಯ ಜೇಡಿಕಣಗಳು ತೆಳ್ಳನೆಯ ಹಾಳೆಗಳನ್ನು ಒಂದರ ಮೇಲೊಂದು ಇಟ್ಟಂತೆ ರಚಿತವಾಗಿವೆ. ಮಳೆಗಾಲದಲ್ಲಿ ನೀರು ಈ ಹಾಳೆಗಳ ನಡುವೆ ನುಗ್ಗಿ ಮಣ್ಣು ಉಬ್ಬುತ್ತದೆ. ಬೇಸಗೆಯಲ್ಲಿ ಆರಿ ಕುಗ್ಗಿ ಬಿರಿಯುತ್ತದೆ. ವರ್ಷವರ್ಷವೂ ಏಳುತ್ತ ಬೀಳುತ್ತ ಇರುವ ಇಂಥ ನೆಲದ ಮೇಲೆ ಹಾಸಿದ ಡಾಂಬರು, ಗಾಡಿಗಳು ಓಡಲಿ ಬಿಡಲಿ, ಸೀಳದೆ ಇರದು. ಸೀಳಿನಲ್ಲಿ ನೀರಿಳಿದ ಮೇಲೆ ಒಂದು ಟ್ರ್ಯಾಕ್ಟರಿನ ಟ್ರೇಲರು ಹಾದುಹೋದರೂ ಸಾಕು, ಗುಂಡಿ ಬೀಳುತ್ತದೆ. ಆದುದರಿಂದ ಎರೆನೆಲದಲ್ಲಿ ರಸ್ತೆ ಕಟ್ಟುವವರು ಮೇಲಿನ ಹಾಸಿಗಿಂತ ಕೆಳಗಿನ ಬುನಾದಿಗೂ ಬದಿಯ ಗಟಾರಕ್ಕೂ ಹೆಚ್ಚು ಗಮನ ಕೊಡಬೇಕಾಗುತ್ತದೆ.

ರಸ್ತೆಯ ವೆಚ್ಚವು ಹೀಗೆ ಮೂರು ಪಾಲಾಗುತ್ತದೆ. ಗಾಲಿಯ ಭಾರದಿಂದ ಆಗುವ ಸವೆತ ಒಂದು. ಹವೆಯಿಂದಲೂ ಮಣ್ಣಿನಿಂದಲೂ ಆಗುವ ಜೀರ್ಣತೆ ಮತ್ತೊಂದು. ರಸ್ತೆಯ ಅಗಲ, ಸೇತುವೆ, ದೀಪ, ಪೊಲೀಸು, ಅಪಘಾತದ ಉಪಚಾರ ಇವುಗಳ ವೆಚ್ಚ ಮೂರನೆಯದು. ಮೊದಲನೆಯದರಲ್ಲಿ ಬೈಕಿನ ಪಾಲು ನಗಣ್ಯ. ಉಳಿದೆರಡರಲ್ಲಿ ಎಲ್ಲರ ಪಾಲೂ ಇದೆ. ನಗರಗಳ ಬೀದಿಯಲ್ಲಿ ಹೆಚ್ಚು ಎಡೆಯನ್ನು ಆಕ್ರಮಿಸುವ ಕಾರಿನ ಪಾಲು ಬೈಕಿನದಕ್ಕಿಂತ ಹೆಚ್ಚು. ಗಳಗನಾಥದ ರೈತನು ಕೊಡುವ ಹಣಕ್ಕೆ ನ್ಯಾಯವಾದ ಆಧಾರ ಇದು.

ಬೇರೆ ಕೋಲುಗಳು

ಸವೆತವನ್ನೂ ದೂರವನ್ನೂ ನೇರವಾಗಿ ಅಳೆದು ಹಣ ಪಡೆಯುವ ದೇಶಗಳಿವೆ. ನ್ಯೂಜಿಲೆಂಡಿನಲ್ಲಿ 1978ರಿಂದ ಡೀಸೆಲ್ ವಾಹನಗಳು ತೂಕ ಮತ್ತು ಓಡಿದ ಕಿಲೋಮೀಟರುಗಳ ಲೆಕ್ಕದಲ್ಲಿ ರಸ್ತೆಯ ಹಣ ತೆರುತ್ತಿವೆ. 2024ರ ಏಪ್ರಿಲಿನಿಂದ ವಿದ್ಯುತ್ ಕಾರುಗಳೂ ಇದಕ್ಕೆ ಸೇರಿದವು. ಸ್ವಿಟ್ಜರ್ಲೆಂಡು 2001ರಿಂದ ಭಾರದ ಲಾರಿಗಳಿಗೆ ತೂಕ, ದೂರ, ಹೊಗೆ ಈ ಮೂರರ ಲೆಕ್ಕ ಹಾಕುತ್ತಿದೆ. ಓಡುತ್ತಿರುವ ಲಾರಿಯ ಅಚ್ಚಿನ ಭಾರವನ್ನು ರಸ್ತೆಯೊಳಗೆ ಹುದುಗಿಸಿದ ಸಂವೇದಕಗಳಿಂದ ತೂಗುವ ಯಂತ್ರಗಳೂ ಈಗ ಇವೆ. ಕೆಲವು ಸ್ಫಟಿಕಗಳನ್ನು ಒತ್ತಿದರೆ ಅವುಗಳಲ್ಲಿ ವಿದ್ಯುತ್ತು ಹುಟ್ಟುತ್ತದೆ. ಒತ್ತಡ ಹೆಚ್ಚಿದಷ್ಟೂ ವಿದ್ಯುತ್ತು ಹೆಚ್ಚುತ್ತದೆ. ಇಂಥ ಯಂತ್ರಗಳಲ್ಲಿ ಕೆಲವು ಈ ತತ್ತ್ವದ ಮೇಲೆ ನಡೆಯುತ್ತವೆ. ನಮ್ಮ ಪೆಟ್ರೋಲು ತೆರಿಗೆಯೂ ದೂರವನ್ನು ಅಳೆಯುವ ಕೋಲೇ. ವಿದ್ಯುತ್ ಗಾಡಿಗಳು ಹೆಚ್ಚಿದಂತೆ ಅದು ಗಿಡ್ಡವಾಗುತ್ತ ಹೋಗುತ್ತದೆ. 2024ರಲ್ಲಿ ಕರ್ನಾಟಕವು 25 ಲಕ್ಷ ರೂಪಾಯಿ ಮೀರಿದ ವಿದ್ಯುತ್ ಕಾರುಗಳಿಗೆ ಶೇಕಡ 10ರ ಆಜೀವ ತೆರಿಗೆ ಹಾಕಿತು. ಅಲ್ಲಿಯೂ ಹಿಡಿದ ಕೋಲು ಬೆಲೆಯದೇ.

ವಯಸ್ಸು ಇನ್ನೊಂದು ಕೋಲು. 2025ರ ಆಗಸ್ಟಿನಲ್ಲಿ ಕೇಂದ್ರ ಸರಕಾರವು 20 ವರ್ಷ ಮೀರಿದ ವಾಹನಗಳ ನೋಂದಣಿಯ ನವೀಕರಣ ಶುಲ್ಕವನ್ನು ಮೋಟಾರು ಸೈಕಲ್ಲಿಗೆ 2,000 ರೂಪಾಯಿ, ಕಾರಿನಂಥ ಹಗುರ ವಾಹನಕ್ಕೆ 10,000 ರೂಪಾಯಿಯೆಂದು ಗೊತ್ತುಮಾಡಿತು. ಹಳೆಯ ಎಂಜಿನ್ನುಗಳು ಹೆಚ್ಚು ಹೊಗೆ ಉಗುಳುತ್ತವೆಂಬುದು ಸಾಮಾನ್ಯವಾಗಿ ಸತ್ಯ. ಆದರೆ ದಿನಕ್ಕೆ ನಾಲ್ಕು ಕಿಲೋಮೀಟರು, ಮನೆಯಿಂದ ಹೊಲಕ್ಕೆ ಮಾತ್ರ ಓಡುವ ಹಳೆಯ ಬೈಕು, ದಿನವೆಲ್ಲ ನಗರ ಸುತ್ತುವ ಹೊಸ ಕಾರಿಗಿಂತ ವರ್ಷದಲ್ಲಿ ಹೆಚ್ಚು ಹೊಗೆ ಬಿಡುವುದೆಂದು ವಯಸ್ಸನ್ನಷ್ಟೇ ನೋಡಿ ಹೇಳಲಾಗದು. ಹೊಗೆಯನ್ನು ಅಳೆಯುವ ಯಂತ್ರವಿರುವಾಗ ವಯಸ್ಸಿನಿಂದ ಊಹಿಸುವುದು ಸುಲಭದ ದಾರಿ, ನಿಖರವಾದ ದಾರಿಯಲ್ಲ.

ಆದರೂ ಬೆಲೆಯೆಂಬ ಕೋಲನ್ನು ಪೂರ್ತಿ ಬಿಸುಡಬೇಕೆಂದು ನಾವು ಹೇಳುವುದಿಲ್ಲ. ಶಕ್ತಿಯುಳ್ಳವನು ಹೆಚ್ಚು ಕೊಡಲಿ ಎಂಬುದೂ ಒಂದು ನ್ಯಾಯವೇ. ಆಜೀವ ತೆರಿಗೆಯಿಂದ ವರ್ಷವರ್ಷವೂ ಕಚೇರಿಗೆ ಅಲೆಯುವುದು ತಪ್ಪುತ್ತದೆ. ಪ್ರತಿ ಬೈಕಿನ ಓಟವನ್ನೂ ಯಂತ್ರದಿಂದ ಲೆಕ್ಕ ಹಾಕುತ್ತ ಕುಳಿತರೆ ಅದರ ವೆಚ್ಚವೇ ತೆರಿಗೆಯನ್ನು ನುಂಗಬಹುದು. ಜನರ ಸಂಚಾರದ ಮೇಲೆ ಸರಕಾರದ ಕಣ್ಣಿಟ್ಟಂತೆಯೂ ಆಗುತ್ತದೆ. ಒಂದೊಂದು ಕೋಲೂ ಒಂದೊಂದನ್ನು ಅಳೆಯುತ್ತದೆ. ಜೇಬನ್ನು ಅಳೆದು, ಅದನ್ನು ರಸ್ತೆಯ ಹೆಸರಿನಲ್ಲಿ ಬರೆದಾಗ ಮಾತ್ರ ಜನರ ಮನಸ್ಸು ಕೆಡುತ್ತದೆ.

ಕೇಳುವ ಹಕ್ಕು

ರಸ್ತೆಯ ತೆರಿಗೆಯು ರಸ್ತೆಯ ಅನುಕೂಲಕ್ಕೆ ಪ್ರತಿಫಲವಾಗಿರಬೇಕೆಂಬ ವಿಚಾರಕ್ಕೆ ಒಂದು ಕಾಲದಲ್ಲಿ ನ್ಯಾಯಾಲಯದ ಬೆಂಬಲವಿದ್ದಿತು. 1962ರಲ್ಲಿ ರಾಜಸ್ಥಾನದ ಒಂದು ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಇಂಥ ಪ್ರತಿಫಲರೂಪದ ತೆರಿಗೆ ವ್ಯಾಪಾರದ ಸ್ವಾತಂತ್ರ್ಯಕ್ಕೆ ಅಡ್ಡಿಯಲ್ಲವೆಂದು ಹೇಳಿತು. 2016ರಲ್ಲಿ ಒಂಬತ್ತು ನ್ಯಾಯಾಧೀಶರ ಪೀಠವು ಈ ಪ್ರತಿಫಲದ ಸಿದ್ಧಾಂತವನ್ನು ಕೈಬಿಟ್ಟಿತು. "ನಾನು ಕೊಟ್ಟಷ್ಟು ರಸ್ತೆಗೆ ವೆಚ್ಚವಾಗಿದೆಯೇ?" ಎಂದು ಕೇಳಲು ಗಾಡಿಯವನಿಗೆ ನ್ಯಾಯಾಲಯದಲ್ಲಿ ಉಳಿದಿರುವ ಎಡೆ ಬಹಳ ಕಿರಿದು. ಇದರ ಅರ್ಥ ಆ ಪ್ರಶ್ನೆ ಸತ್ತುಹೋಯಿತೆಂದಲ್ಲ. ಅದನ್ನು ಕೇಳಬೇಕಾದ ಸ್ಥಳ ಬದಲಾಯಿತೆಂದು. ವಿಧಾನಸಭೆ, ಲೆಕ್ಕಪರಿಶೋಧಕರ ವರದಿ, ಊರಿನ ಸಭೆ ಇವೇ ಈಗ ಅದರ ಎಡೆಗಳು.

ಕೇಳುವುದಕ್ಕೆ ಕಷ್ಟವೂ ಇಲ್ಲ. ನೋಂದಣಿಯ ರಸೀತಿಯಲ್ಲಿ ಒಟ್ಟು ಮೊತ್ತದ ಜೊತೆಗೆ, ಇಷ್ಟು ಸಾಮಾನ್ಯ ಬೊಕ್ಕಸಕ್ಕೆ, ಇಷ್ಟು ಗ್ರಾಮೀಣ ರಸ್ತೆಗೆ, ಇಷ್ಟು ನಗರದ ಸಾರಿಗೆಗೆ, ಇಷ್ಟು ಕಾರ್ಮಿಕರ ನಿಧಿಗೆ ಎಂದು ತಿಳಿಯಾದ ಕನ್ನಡದಲ್ಲಿ ಬರೆಯಬಹುದು. ವರ್ಷದ ಕೊನೆಯಲ್ಲಿ ಜಿಲ್ಲೆಯಲ್ಲಿ ಕೂಡಿದ ಹಣವೆಷ್ಟು, ಜಿಲ್ಲೆಯ ರಸ್ತೆಗಳಿಗೆ ಸಂದುದೆಷ್ಟು, ಕ್ಷೇಮನಿಧಿಯಿಂದ ನೆರವು ಪಡೆದ ಕುಟುಂಬಗಳೆಷ್ಟು ಎಂಬುದನ್ನು ಸಾರಿಗೆ ಕಚೇರಿಯ ಬಾಗಿಲಲ್ಲಿ ಹಾಕಬಹುದು. ಒಂದು ಲಕ್ಷದ ಗಡಿಯ ಮೆಟ್ಟಿಲನ್ನು ತೆಗೆದು, ಗಡಿ ಮೀರಿದ ಭಾಗಕ್ಕೆ ಮಾತ್ರ ಹೆಚ್ಚಿನ ದರ ಹಾಕಬಹುದು. ಮಿತಿಮೀರಿದ ಹೇರನ್ನು ತೂಗಿ ತಡೆಯುವುದರಲ್ಲಿ ಬಿಗಿ ತೋರಿದರೆ ರಸ್ತೆಗಳ ಆಯುಸ್ಸು ಹೆಚ್ಚಿ, ಹೊಸ ಸೆಸ್ಸಿನ ಅವಶ್ಯಕತೆಯೂ ಅಷ್ಟಿಷ್ಟು ತಗ್ಗಬಹುದು.

ಗಳಗನಾಥದ ರೈತನು 12,788 ರೂಪಾಯಿ ಕೊಟ್ಟು ಬೈಕನ್ನು ಮನೆಗೆ ತರುತ್ತಾನೆ. ಅದರಲ್ಲಿ 500 ರೂಪಾಯಿ ಒಬ್ಬ ಲಾರಿ ಕ್ಲೀನರನ ವಿಧವೆಗೆ ಆಸರೆಯಾಯಿತೆಂದು ತಿಳಿದರೆ ಆತನು ಗೊಣಗುವುದಿಲ್ಲವೆಂದು ನಮ್ಮ ನಂಬಿಕೆ. ತನ್ನೂರಿನ ದಾರಿಯಲ್ಲಿ ಮುಂಗಾರಿನ ಮೊದಲ ಮಳೆಗೇ ಗುಂಡಿ ಬಿದ್ದರೆ ಮಾತ್ರ, ಉಳಿದ ಹಣದ ಲೆಕ್ಕವನ್ನು ಆತನು ಕೇಳಿಯೇ ಕೇಳುತ್ತಾನೆ. ಅದಕ್ಕೆ ಉತ್ತರವನ್ನು ಸಿದ್ಧವಾಗಿಟ್ಟುಕೊಳ್ಳುವುದು ಹಣ ಪಡೆದವರ ಹೊಣೆ.